ನಾನು ಬೇಡ ಅಂದ ಮಿನಿವ್ಯಾನ್

ಶುಕ್ರವಾರ ರಜೆ ಅನ್ನುವುದು ಬಾಯಿಮಾತಿಗೆ ಮಾತ್ರ. ಶುವೈಖ್‌ನಲ್ಲಿ ನಾನು ಸೂಪರ್‌ವೈಸರ್ ಆಗಿರುವ ಗ್ಯಾರೇಜಿನ ಶಟರ್ ಅವತ್ತು ಅರ್ಧ ಎಳೆದಿರುತ್ತದೆ, ಆದರೆ ಅದರಡಿಯಿಂದ ಬಗ್ಗಿ ಒಳಗೆ ಬರುವವರಿಗೆ ಕೊರತೆಯಿಲ್ಲ. ಬರುವವರೆಲ್ಲ ನಮ್ಮ ಕರಾವಳಿಯವರು. ಕುವೈಟಿನಲ್ಲಿ ನಮ್ಮವರು ಯಾರಾದರೂ ಹಳೆ ಗಾಡಿ ಕೊಳ್ಳುವುದಿದ್ದರೆ ಮೊದಲು ನನಗೆ ತೋರಿಸಬೇಕು ಅನ್ನುವುದು ಯಾವಾಗಲೋ ಶುರುವಾಗಿ ಈಗ ಪದ್ಧತಿಯೇ ಆಗಿಹೋಗಿದೆ. ಜಾತಕ ತೋರಿಸಿದ ಹಾಗೆ. ನಾನು ಆಗಬಹುದು ಅಂದರೆ ಆಗಬಹುದು, ಬೇಡ ಅಂದರೆ ಬೇಡ. ಇದಕ್ಕೆ ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ಚಹಾ ತರಿಸಿದರೆ ಕುಡಿಯುತ್ತೇನೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಹೇಳಲಿ.

ಆ ಶುಕ್ರವಾರ ಬಂದವನು ಸಾಲ್ಮಿಯಾದ ಒಂದು ಹೋಟೆಲಿನಲ್ಲಿ ಅಕೌಂಟ್ಸ್ ನೋಡುವವನು. ಮಲ್ಪೆ ಕಡೆಯವನು, ನನಗಿಂತ ಚಿಕ್ಕವನು, ನನ್ನನ್ನು ಅಣ್ಣ ಅನ್ನುತ್ತಾನೆ.

"ಅಣ್ಣ, ಒಂದು ಮಿನಿವ್ಯಾನ್ ಉಂಟು. ಫೈನಲ್ ಎಕ್ಸಿಟ್ ಮಾಡಿ ಊರಿಗೇ ಹೋಗುವವರದ್ದು. ಒಂದೇ ಕೈಯಲ್ಲಿ ಓಡಿದ್ದು. ನಮ್ಮವರೇ."

ನಮ್ಮವರೇ ಅಂದ ಕೂಡಲೇ ನನಗೆ ಮಂಡೆಬಿಸಿ ಶುರು. ಬೇರೆ ಯಾರದೋ ಗಾಡಿಯಾದರೆ ನೋಡಿ, ಇದ್ದದ್ದು ಹೇಳಿ, ಕೈ ತೊಳೆದುಕೊಳ್ಳಬಹುದು. ಮಾರುವವರೂ ಕೊಳ್ಳುವವರೂ ನಮ್ಮವರಾದರೆ ಆ ಗಾಡಿ ಕೆಟ್ಟು ನಿಂತ ದಿನದಿಂದ ಹಬ್ಬ, ಪೂಜೆ, ಕ್ರಿಕೆಟ್ ಮ್ಯಾಚು, ಎಲ್ಲಿ ಹೋದರೂ ನನ್ನ ಹೆಸರೇ. "ಅವ ನೋಡಿ ಪಾಸ್ ಮಾಡಿದ್ದು ಮಾರಾಯ್ರೆ." ಈ ಮಾತನ್ನು ನಾನು ಒಮ್ಮೆ ಕೇಳಿದ್ದೇನೆ, ಇನ್ನೊಮ್ಮೆ ಕೇಳುವ ಆಸೆ ಇಲ್ಲ. ಹಾಗಾಗಿ ನಮ್ಮವರ ಗಾಡಿಯನ್ನು ನಾನು ಬೇರೆಯವರದಕ್ಕಿಂತ ಬಿಗಿಯಾಗಿ ನೋಡುತ್ತೇನೆ. ಅನುಮಾನ ಬಂದರೆ ಬೇಡ ಅಂದುಬಿಡುತ್ತೇನೆ. ಬೇಡ ಅಂದ ಗಾಡಿಗೆ ಯಾರೂ ನನ್ನನ್ನು ಬೈಯುವುದಿಲ್ಲ.

"ನಿನಗೆ ಮಿನಿವ್ಯಾನ್ ಎಂತಕ್ಕೆ? ಗಂಡ ಹೆಂಡತಿ ಇಬ್ಬರೇ ಇರುವುದಲ್ವಾ?" ಅಂತ ಕೇಳಿದೆ.

"ಅಮ್ಮನಿಗೆ ಬೇಕಾಗಿ, ಅಣ್ಣ."

ಅವನ ತಾಯಿ ವಿಸಿಟ್ ವೀಸಾದಲ್ಲಿ ಬಂದಿದ್ದರು. ಬದುಕಿಡೀ ಬುಟ್ಟಿ ಹೊತ್ತು ಮೀನು ಮಾರಿ ಮಗನನ್ನು ಓದಿಸಿದ ಹೆಂಗಸು. ಎರಡೂ ಮೊಣಕಾಲು ಹೋಗಿದೆ, ಸಣ್ಣ ಪಾರ್ಶ್ವವಾಯು ಆಗಿ ಎಡಗಾಲು ಸ್ವಲ್ಪ ಎಳೆಯುತ್ತದೆ, ಆಳೂ ದಪ್ಪ. ಏರ್‌ಪೋರ್ಟಿನಿಂದ ಮನೆಗೆ ಕರೆತರಲು ಹೋಟೆಲಿನವರು ದೊಡ್ಡ ಮನಸ್ಸು ಮಾಡಿ ತಮ್ಮ ವ್ಯಾನ್ ಕೊಟ್ಟಿದ್ದರು. ಅದನ್ನು ವಾರವಾರ ಕೇಳಲಾಗುವುದಿಲ್ಲ. ಮಗನ ಕಾರು ತಗ್ಗಿನದು. ಒಮ್ಮೆ ಅದರಲ್ಲಿ ಕೂರಿಸಲು ಹೋಗಿ ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡು, ಕಾಲು ಜಾರಿ, ಕಟ್ಟಡದ ಕಾವಲುಗಾರ, ಎದುರಂಗಡಿಯವರು ಎಲ್ಲ ಬಂದು ಎತ್ತಬೇಕಾಯಿತಂತೆ. "ನಾನೆಂತ ಮೀನಿನ ಬುಟ್ಟಿಯಾ, ನಾಲ್ಕು ಜನ ಹಿಡಿದು ಎತ್ತಲಿಕ್ಕೆ?" ಅಂದವರು ಆಮೇಲೆ ಕೆಳಗೆ ಇಳಿಯಲೇ ಇಲ್ಲ. ಎರಡು ಬೀದಿ ಆಚೆ ಸಮುದ್ರ. ಅವರ ಕೋಣೆಯ ಕಿಟಕಿಗೆ ಕಾಣುವುದು ಪಕ್ಕದ ಕಟ್ಟಡದ ಎ.ಸಿ. ಡಬ್ಬಗಳು.

"ಅವರಿಗೆ ಬೇರೆ ಎಂತದೂ ಬೇಡ ಅಣ್ಣ. ಮಾಲ್ ಬೇಡ, ಟವರ್ ಬೇಡ. ಇಲ್ಲಿಯ ಮೀನು ಮಾರ್ಕೆಟ್ ಒಂದು ನೋಡ್ಬೇಕಂತೆ. ಏಲಂ ಹೇಗೆ ಕೂಗ್ತಾರೆ ಅಂತ ದಿನಾ ಕೇಳ್ತಾರೆ."

ಸರಿ, ನೋಡುವ ಅಂದೆ.

ಗಾಡಿಯ ಯಜಮಾನರು ಕೊಂಕಣಿ ಮಾತಾಡುವ ಕ್ಯಾಥೊಲಿಕ್ಕರು, ಆಫೀಸು ಕೆಲಸದಿಂದ ನಿವೃತ್ತರಾಗಿ ಮಂಗಳೂರಿಗೆ ಹೊರಟವರು. ಮರುವಾರ ಗಾಡಿ ತಾವೇ ತಂದರು, ಅಕೌಂಟ್ಸ್ ಹುಡುಗನೂ ಜೊತೆಗಿದ್ದ. ತೊಳೆದು ಒರೆಸಿ ಮದುಮಗಳ ಹಾಗೆ ಮಾಡಿ ತಂದಿದ್ದರು. ನಾನು ಮೊದಲು ನೋಡುವುದು ಬಾನೆಟ್ ಮುಟ್ಟಿ. ಓಡಿಸಿಕೊಂಡು ಬಂದದ್ದು, ಬಿಸಿ ಇತ್ತು. ತಣ್ಣಗಿದ್ದಾಗ ಕೇಳುವ ಸದ್ದು ಬಿಸಿಯಲ್ಲಿ ಕೇಳುವುದಿಲ್ಲ. ಹಾಗಾಗಿ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಅವರಿಬ್ಬರನ್ನೂ ಚಹಾಕ್ಕೆ ಕಳಿಸಿ, ಪೂರ್ತಿ ತಣಿಯುವ ತನಕ ಕಾದೆ.

ತಣಿದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದೆ. ಕೂಲಂಟ್ ಬಣ್ಣ ಚೊಕ್ಕ. ನಮ್ಮವರಲ್ಲಿ ಹಲವರು ಊರಿನ ಅಭ್ಯಾಸದಲ್ಲಿ ನಲ್ಲಿನೀರು ತುಂಬಿಸಿ ಒಳಗೆಲ್ಲ ತುಕ್ಕು ಹಿಡಿಸಿರುತ್ತಾರೆ, ಇವರು ಹಾಗೆ ಮಾಡಿರಲಿಲ್ಲ. ಎಂಜಿನ್ ಆಯಿಲ್ ಒಳ್ಳೆಯದು. ಮೊದಲ ಸ್ಟಾರ್ಟ್‌ಗೇ ಎದ್ದಿತು, ಹೊಗೆ ಇಲ್ಲ. ಹಿಂದಿನ ಎ.ಸಿ.ಗೆ ಹೋಗುವ ಪೈಪು ಇಂಥ ಗಾಡಿಗಳಲ್ಲಿ ಹಿಂಚಕ್ರದ ಬಳಿ ತುಕ್ಕು ತಿಂದು ತೂತಾಗುತ್ತದೆ. ಅಡಿಗೆ ಮಲಗಿ ಬೆರಳಾಡಿಸಿ ನೋಡಿದೆ, ಗಟ್ಟಿ. ಎಂಜಿನ್ ಮೌಂಟ್ ಒಂದು ಒಡೆದಿತ್ತು, ಅದು ದೊಡ್ಡ ವಿಷಯ ಅಲ್ಲ. ಸ್ಕ್ಯಾನರ್ ಹಾಕಿದೆ, ಎರರ್ ಇಲ್ಲ, ಇದ್ದದ್ದನ್ನು ಅಳಿಸಿದ ಗುರುತೂ ಇಲ್ಲ. ಸರಿಯುವ ಬಾಗಿಲು ಒಂದು ಬೆರಳಿಗೆ ಜಾರುತ್ತಿತ್ತು. ಬಾಗಿಲ ಗಾಜಿನಲ್ಲಿ ಅವರ ಮಕ್ಕಳು ಯಾವಾಗಲೋ ಅಂಟಿಸಿದ ಸ್ಟಿಕ್ಕರಿನ ಗಮ್ಮು ಮಾತ್ರ ಉಳಿದಿತ್ತು.

ಕೊನೆಗೆ ಗೇರ್‌ಬಾಕ್ಸ್, ಆಟೊಮ್ಯಾಟಿಕ್. ಅದರ ಆಯಿಲ್ ಅಳೆಯುವ ಕಡ್ಡಿ ಎಳೆದು ಬಿಳಿ ಟಿಶ್ಯೂ ಮೇಲೆ ಒರೆಸಿದೆ. ಹೊಸದರಲ್ಲಿ ಅದು ಕೆಂಪು ಶರಬತ್ತಿನ ಬಣ್ಣ. ಇದು ಕಂದು. ಮೂಗಿಗೆ ಹಿಡಿದರೆ ಸೀದ ವಾಸನೆ. ಇನ್ನು ಓಡಿಸಿ ನೋಡಬೇಕು.

ಆಗ ಆ ಹುಡುಗ, "ಅಣ್ಣ, ಹೇಗೂ ರೋಡಿಗೆ ತೆಗೀತೀರಲ್ಲ, ಸಾಲ್ಮಿಯಾಕ್ಕೇ ಹೋಗುವ. ಅಮ್ಮನಿಗೆ ಹತ್ಲಿಕ್ಕೆ ಆಗ್ತದಾ ಅಂತ ಒಂದು ನೋಡಿದ ಹಾಗಾಯ್ತು" ಅಂದ. ನ್ಯಾಯವಾದ ಮಾತು. ಹತ್ತಲಾಗದ ಗಾಡಿ ಎಷ್ಟು ಒಳ್ಳೆಯದಿದ್ದರೇನು ಪ್ರಯೋಜನ.

ಅವರ ಕಟ್ಟಡದೆದುರು ನಿಲ್ಲಿಸಿದೆವು. ಅವನ ಹೆಂಡತಿ ಅತ್ತೆಯನ್ನು ಲಿಫ್ಟಿನಲ್ಲಿ ಇಳಿಸಿ, ಕೋಲು ಹಿಡಿಸಿ, ನಿಧಾನಕ್ಕೆ ಕರೆತಂದಳು. ಅಮ್ಮ ಒಳ್ಳೆ ಸೀರೆ ಉಟ್ಟು, ಮುಡಿಗೆ ಪ್ಲಾಸ್ಟಿಕ್ ಹೂವು ಸಿಕ್ಕಿಸಿಕೊಂಡು ಬಂದಿದ್ದರು. ನಾನು ಬಾಗಿಲು ಸರಿಸಿದೆ. ಅವರು ಗಾಡಿಗೆ ಬೆನ್ನು ಹಾಕಿ ನಿಂತು, ಸೀಟಿನ ಮೇಲೆ ಹಾಗೇ ಕೂತು, ಕಾಲು ಒಂದೊಂದಾಗಿ ಒಳಗೆ ತೆಗೆದುಕೊಂಡರು. ಯಾರೂ ಎತ್ತಬೇಕಾಗಲಿಲ್ಲ. ಮಗನ ಮುಖ ನೋಡಬೇಕಿತ್ತು.

ಅಮ್ಮ ಸೀಟಿನ ಕೈ ತಟ್ಟಿ ನೋಡಿ, ನನ್ನತ್ತ ತಿರುಗಿ ತುಳುವಿನಲ್ಲಿ ಕೇಳಿದರು. "ಇಲ್ಲಿ ಹೆಂಗಸರು ಮೀನು ಮಾರುವುದಿಲ್ವಂತೆ, ಹೌದಾ ಮಗಾ?"

"ಇಲ್ಲ ಅಮ್ಮ, ಗಂಡಸರೇ."

"ಗಂಡಸರಿಗೆ ಮೀನು ಮಾರ್ಲಿಕ್ಕೆ ಎಂತ ಗೊತ್ತುಂಟು? ಅವರು ಒಂದೇ ರೇಟು ಹೇಳಿ ಸುಮ್ಮನೆ ಕೂತ್ಕೊಳ್ತಾರೆ." ನಾವೆಲ್ಲ ನಕ್ಕೆವು. ಅವರು ಬೆಲ್ಟ್ ಎಳೆದು ಮಗನ ಕೈಗೆ ಕೊಟ್ಟು, "ಹೊರಡುವನಾ?" ಅಂದರು.

ಹುಡುಗ ನನ್ನ ಮುಖ ನೋಡಿದ. ಯಜಮಾನರು ಹಿಂದಿನ ಸೀಟಿನಿಂದ, "ನನ್ನದೇನು ಅಡ್ಡಿ ಇಲ್ಲ, ಒಂದು ರೌಂಡ್ ಹೊಡೀರಿ" ಅಂದರು. ಆದರೆ ಟೆಸ್ಟ್ ಡ್ರೈವಿನಲ್ಲಿ ಹೊರಗಿನವರನ್ನು ಕೂರಿಸಬಾರದು ಅನ್ನುವುದು ನಮ್ಮ ಗ್ಯಾರೇಜಿನಲ್ಲಿ ನಾನೇ ಮಾಡಿದ ನಿಯಮ. ಗೇರ್‌ಬಾಕ್ಸ್ ಬೇರೆ ಅನುಮಾನದಲ್ಲಿತ್ತು. ಹೈವೇಯಲ್ಲಿ ನಡುವೆ ನಿಂತುಹೋದರೆ ಈ ಅಮ್ಮನನ್ನು ಕೆಳಗಿಳಿಸಿ ಎಲ್ಲಿ ನಿಲ್ಲಿಸುವುದು? "ಇವತ್ತು ಬೇಡ ಅಮ್ಮ, ಗಾಡಿ ಇನ್ನೂ ನಿಮ್ಮದಾಗಲಿಲ್ಲ. ಆಗಲಿ, ಮತ್ತೆ ಸೀದಾ ಮೀನು ಮಾರ್ಕೆಟಿಗೇ ಹೋಗುವ" ಅಂದೆ. "ಹೌದಾ" ಅಂತ ಅವರು ಬೆಲ್ಟ್ ಬಿಟ್ಟು, ಹತ್ತಿದ ಹಾಗೇ ಇಳಿದರು. ಅವರು ಮೇಲೆ ಹೋದರು, ನಾವು ರಿಂಗ್ ರೋಡಿಗೆ ಹೋದೆವು.

ರಸ್ತೆಯಲ್ಲಿ ಗೇರ್‌ಬಾಕ್ಸ್ ತನ್ನ ಕಥೆ ತಾನೇ ಹೇಳಿತು. ಎ.ಸಿ. ಪೂರ್ತಿ ಇಟ್ಟು, ಕಾಲು ಹದವಾಗಿ ಒತ್ತಿ ಓಡಿಸಿದರೆ ಎರಡರಿಂದ ಮೂರನೇ ಗೇರಿಗೆ ಬೀಳುವಾಗ ಒಂದು ಕ್ಷಣ ಹಿಡಿತವೇ ಇಲ್ಲ. ಎಂಜಿನ್ ಸುಮ್ಮನೆ ಮೇಲಕ್ಕೇರಿ ಕೂಗುತ್ತದೆ, ಆಮೇಲೆ ಧಡ್ ಅಂತ ಹಿಡಿಯುತ್ತದೆ. ಬಿಸಿಯಾದಷ್ಟೂ ಅದು ಹೆಚ್ಚು. ರಿವರ್ಸ್ ಹಾಕಿದರೆ ಯೋಚನೆ ಮಾಡಿ ಹೋಗುತ್ತದೆ. ಒಳಗಿನ ಕ್ಲಚ್ ಪ್ಲೇಟುಗಳು ಸವೆದಿವೆ ಅನ್ನುವುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ.

ಗ್ಯಾರೇಜಿಗೆ ಬಂದು ಇಬ್ಬರನ್ನೂ ಕೂರಿಸಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಆಯಿಲ್ ಬದಲಿಸಬಹುದು, ಆದರೆ ಇಷ್ಟು ಸವೆದ ಮೇಲೆ ಹೊಸ ಆಯಿಲ್ ಹಾಕಿದರೆ ಇದ್ದ ಹಿಡಿತವೂ ಹೋಗುವುದುಂಟು. ಬಿಚ್ಚಿ ಕಟ್ಟಬಹುದು, ಸಾಮಾನು ಹೊರಗಿನಿಂದ ಬರಬೇಕು, ಯಾವಾಗ ಬರುತ್ತದೋ ದೇವರೇ ಬಲ್ಲ. ಸ್ಕ್ರ್ಯಾಪಿನಿಂದ ಹಳೆ ಗೇರ್‌ಬಾಕ್ಸ್ ತಂದು ಹಾಕಬಹುದು, ಅದು ಲಾಟರಿ.

ಯಜಮಾನರ ಮುಖ ಸಣ್ಣದಾಯಿತು. "ನಾವು ಈ ಗಾಡಿಯಲ್ಲಿ ಒಂದೇ ಒಂದು ದಿನ ರಸ್ತೆಯಲ್ಲಿ ನಿಂತದ್ದಿಲ್ಲ. ಮಕ್ಕಳು ಇದರಲ್ಲೇ ದೊಡ್ಡದಾದದ್ದು. ಟೈಮಿಗೆ ಸರಿಯಾಗಿ ಸರ್ವಿಸ್ ಮಾಡಿಸಿದ್ದೇನೆ ಮಾರಾಯ್ರೆ."

"ನಿಮ್ಮ ತಪ್ಪು ಅಂತ ನಾನು ಹೇಳ್ಲಿಲ್ಲ. ಇಲ್ಲಿಯ ಬಿಸಿಲಿಗೆ ಕಬ್ಬಿಣ ಕೂಡ ಬೇಯ್ತದೆ."

ಹುಡುಗ ಕೇಳಿದ. "ಅಣ್ಣ, ಒಂದೇ ಮಾತು ಹೇಳಿ. ತೆಗೊಳ್ಳುವುದಾ, ಬೇಡ್ವಾ?"

"ಬೇಡ. ಇದು ಬೇಸಿಗೆ ತಡೆಯುವುದಿಲ್ಲ."

ನನ್ನದೇ ಬಾಯಿಂದ ಬಂದ ಮಾತು ಅದು. ಆಗ ಚಳಿಗಾಲದ ಶುರು. ಅಮ್ಮನ ವೀಸಾ ಬೇಸಿಗೆಗೆ ಎಷ್ಟೋ ಮೊದಲೇ ಮುಗಿಯುವುದಿತ್ತು. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆ ಎರಡನ್ನು ಜೋಡಿಸಿ ನೋಡುವ ಬುದ್ಧಿ ನಮ್ಮಿಬ್ಬರಿಗೂ ಬರಲಿಲ್ಲ. ಗಾಡಿ ಅಂದರೆ ಹತ್ತು ವರ್ಷ ಬಾಳಬೇಕು, ಇದು ನಮ್ಮ ತಲೆಯಲ್ಲಿ ಕೂತದ್ದು. ಮದುವೆಯ ಕುಕ್ಕರಿನಿಂದ ಹಿಡಿದು ಎಲ್ಲವೂ ನಮಗೆ ಹಾಗೇ.

ಯಜಮಾನರು ಗಾಡಿ ತೆಗೆದುಕೊಂಡು ಹೋದರು, ನನಗೆ ಕೈ ಕೂಡ ಕೊಡಲಿಲ್ಲ.

ಆಮೇಲೆ ಶುರುವಾಯಿತು ಹುಡುಕಾಟ. ಶುಕ್ರವಾರ ಬಂತೆಂದರೆ ಹುಡುಗ ಒಂದೊಂದು ಮಿನಿವ್ಯಾನ್ ತರುತ್ತಿದ್ದ. ಒಂದರ ಮುಂಭಾಗ ಅಪಘಾತದಲ್ಲಿ ಹೋಗಿ ಬೆಸುಗೆ ಹಾಕಿದ್ದು; ಬಣ್ಣ ಬಳಿದವನು ಬುದ್ಧಿವಂತ, ಆದರೆ ಚಾಸಿಯ ಬೆಸುಗೆ ಸುಳ್ಳು ಹೇಳುವುದಿಲ್ಲ. ಇನ್ನೊಂದರ ಕಾರ್ಪೆಟ್ ಎತ್ತಿದರೆ ಕೆಸರಿನ ಪದರ, ಯಾವುದೋ ಮಳೆಗೆ ಅಂಡರ್‌ಪಾಸಿನಲ್ಲಿ ಮುಳುಗಿದ್ದು. ಮತ್ತೊಂದರ ಮೀಟರು ಹಿಂದಕ್ಕೆ ತಿರುಗಿಸಿದ್ದು. ಬ್ರೇಕ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿದೆ, ಮೀಟರು ಮಾತ್ರ ಹಸುಗೂಸಿನದು. ಎಲ್ಲದಕ್ಕೂ ನಾನು ಬೇಡ ಅಂದೆ. ಅವೆಲ್ಲ ನಿಜವಾಗಿಯೂ ಬೇಡದ ಗಾಡಿಗಳೇ.

"ಅಷ್ಟರವರೆಗೆ ಒಂದು ದಿನಕ್ಕೆ ಬಾಡಿಗೆ ಗಾಡಿ ತಕ್ಕೊಂಡ್ರೆ ಹೇಗೆ ಅಣ್ಣ?" ಅಂತ ಅವನು ಒಮ್ಮೆ ಕೇಳಿದ್ದುಂಟು. ನಾನೇ, "ಈ ವಾರದಲ್ಲಿ ನಮ್ಮದೇ ಒಂದು ಸಿಗ್ತದಲ್ಲ, ಮತ್ತೆ ಬಾಡಿಗೆ ಎಂತಕ್ಕೆ?" ಅಂದೆ. ಅವನಿಗೂ ಸರಿ ಅನ್ನಿಸಿತು. ಅಮ್ಮನಿಗೂ ಹಾಗೇ ಹೇಳಿದನಂತೆ. ಅವರು ಪ್ರತಿ ಗುರುವಾರ ಸಂಜೆ ಸೊಸೆಯಲ್ಲಿ ತಲೆ ತೊಳೆಸಿಕೊಂಡು ಶುಕ್ರವಾರಕ್ಕೆ ತಯಾರಾಗುತ್ತಿದ್ದರು ಅಂತ ನನಗೆ ತಿಳಿದದ್ದು ಬಹಳ ನಂತರ. ಮೊದಲೇ ತಿಳಿದಿದ್ದರೆ ನನ್ನ ಪಿಕಪ್ಪಿಗೆ ಮೆಟ್ಟಿಲು ಕಟ್ಟಿಯಾದರೂ ಕರೆದುಕೊಂಡು ಹೋಗುತ್ತಿದ್ದೆ.

ಚಳಿಗಾಲ ಹೀಗೇ ಕಳೆಯಿತು. ಅವರು ಊರಿಗೆ ಹೊರಟ ದಿನ ಹೋಟೆಲಿನವರು ಮತ್ತೆ ತಮ್ಮ ವ್ಯಾನ್ ಕೊಟ್ಟರು. ರಾತ್ರಿಯ ವಿಮಾನ, ನಾನು ಏರ್‌ಪೋರ್ಟಿಗೆ ಹೋಗಿದ್ದೆ. ವೀಲ್‌ಚೇರಿನಲ್ಲಿ ಕೂತ ಅಮ್ಮ ನನ್ನ ಕೈ ಹಿಡಿದು, "ನೀನು ನನ್ನ ಮಗನ ದುಡ್ಡು ನೀರಿಗೆ ಹೋಗದ ಹಾಗೆ ನೋಡಿದೆ ಮಗಾ, ದೇವರು ನಿನ್ನನ್ನು ಚೆನ್ನಾಗಿಡಲಿ" ಅಂದರು. ಅಲ್ಲಿಗೆ ಬರುವ ದಾರಿಯಲ್ಲಿ ಸಮುದ್ರ ಕಂಡಿತಾ ಅಂತ ಕೇಳಿದೆ. ದೀಪ ಕಂಡಿತು ಅಂದರು. ಬರುವ ಚಳಿಗಾಲಕ್ಕೆ ಖಂಡಿತ ಬರಬೇಕು, ಗಾಡಿ ತಯಾರಿರುತ್ತದೆ ಅಂತ ನಾನೂ ಮಗನೂ ಸ್ಪರ್ಧೆಗೆ ಬಿದ್ದವರ ಹಾಗೆ ಹೇಳಿದೆವು.

ಮಾತಿಗೆ ತಪ್ಪಬಾರದೆಂದು ಹುಡುಕಿಯೇ ಹುಡುಕಿದೆವು. ಬಿಸಿಲು ಏರುವ ಹೊತ್ತಿಗೆ ಒಂದು ಸಿಕ್ಕಿತು. ಹಾಗಂತ ಸುಮ್ಮನೆ ಸಿಗಲಿಲ್ಲ. ಒಬ್ಬ ಶಾಲೆಯ ಮೇಷ್ಟ್ರದ್ದು, ಮನೆಯಿಂದ ಶಾಲೆಗೆ ಮಾತ್ರ ಓಡಿದ್ದು, ನಾನು ಹೋಗಿ ಹಿಡಿದುಕೊಂಡು ಬಂದದ್ದು. ಬಾನೆಟ್‌ನಿಂದ ಹಿಂದಿನ ಬಾಗಿಲ ತನಕ ತಪ್ಪು ಹುಡುಕಿದೆ, ಒಂದೂ ಸಿಗಲಿಲ್ಲ. ಗೇರ್‌ಬಾಕ್ಸ್ ಆಯಿಲ್ ಶರಬತ್ತಿನ ಹಾಗಿತ್ತು. "ತೆಗೊ ಮಾರಾಯ, ಕಣ್ಣು ಮುಚ್ಚಿ ತೆಗೊ" ಅಂದೆ. ಅವನು ಬಾಗಿಲು ಸರಿಸಿ ಅಲ್ಲಿಂದಲೇ ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ಸೀಟು ತೋರಿಸಿದ.

ನಡುಬೇಸಿಗೆಯಲ್ಲಿ, ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವ ಕಾಲದಲ್ಲಿ, ರಿಕವರಿ ಟ್ರಕ್ಕಿನ ಮೇಲೆ ಒಂದು ಮಿನಿವ್ಯಾನ್ ನಮ್ಮ ಗ್ಯಾರೇಜಿಗೆ ಬಂತು. ಧೂಳು ಹಿಡಿದು ಗುರುತೇ ಸಿಗುವಂತಿರಲಿಲ್ಲ. ಬಾಗಿಲ ಗಾಜಿನಲ್ಲಿ ಸ್ಟಿಕ್ಕರಿನ ಗಮ್ಮು ನೋಡಿ ನನಗೆ ಗೊತ್ತಾಯಿತು. ಜೊತೆಗೆ ಬಂದವನು ವಫ್ರಾದ ಒಂದು ತೋಟದ ಮೇಲ್ವಿಚಾರಕ, ಲಾಹೋರ್ ಕಡೆಯವನು. ಮುಂದಕ್ಕೂ ಹೋಗುವುದಿಲ್ಲ, ಹಿಂದಕ್ಕೂ ಹೋಗುವುದಿಲ್ಲ ಅಂದ.

ಗೇರ್‌ಬಾಕ್ಸಿನ ತಳದ ತಟ್ಟೆ ಬಿಚ್ಚಿಸಿದೆ. ಆಯಿಲ್ ಡಿಕಾಕ್ಷನ್ ಆಗಿತ್ತು. ಅಡಿಯ ಅಯಸ್ಕಾಂತದ ಮೇಲೆ ಲೋಹದ ಪುಡಿ ಗಡ್ಡ ಬೆಳೆದ ಹಾಗೆ ನಿಂತಿತ್ತು, ಕ್ಲಚ್ ಪ್ಲೇಟಿನ ಕಪ್ಪು ಚೂರುಗಳು ತೇಲುತ್ತಿದ್ದವು. ನಾನು ಹೇಳಿದ ಜಾಗದಲ್ಲೇ, ನಾನು ಹೇಳಿದ ಕಾಲಕ್ಕೇ ಹೋಗಿತ್ತು. ಹಾಳಾದ ಹೆಮ್ಮೆ ನೋಡಿ, ಮೊದಲು ನನಗೆ ಖುಷಿಯೇ ಆಯಿತು. ಜೊತೆಯವರನ್ನೆಲ್ಲ ಕರೆದು ತೋರಿಸಿದೆ.

"ಭಾಯಿ, ತೆಗೊಳ್ಳುವಾಗ ಯಾರಿಗೂ ತೋರಿಸಿಲ್ವಾ?" ಅಂತ ಆ ಮೇಲ್ವಿಚಾರಕನನ್ನು ಹಿಂದಿಯಲ್ಲಿ ಕೇಳಿದೆ.

"ಗೇರ್‌ಬಾಕ್ಸ್ ಹೋಗ್ತದೆ ಅಂತ ಮಾರಿದವರೇ ಹೇಳಿದ್ದರು. ಒಳ್ಳೆ ಮನುಷ್ಯ, ಏನೂ ಮುಚ್ಚಿಡಲಿಲ್ಲ. ನನಗೆ ಟೊಮೆಟೊ ಸೀಸನ್ ಮುಗಿಯುವ ತನಕ ಕೆಲಸದವರನ್ನು ಸಾಗಿಸ್ಲಿಕ್ಕೆ ಒಂದು ಗಾಡಿ ಬೇಕಿತ್ತು. ಆ ಕಡೆ ಬಸ್ಸು ಎಲ್ಲುಂಟು? ಚಳಿಗಾಲ ಪೂರ್ತಿ ದಿನಾ ಓಡಿದೆ. ವಾರಕ್ಕೊಮ್ಮೆ ಸಿಟಿಗೂ ಹೋಗಿ ಬಂದಿದೆ. ಒಂದು ದಿನ ನಿಂತಿಲ್ಲ. ನನ್ನ ಕೆಲಸ ಮುಗಿಯಿತು, ಈಗ ಖಲಾಸ್. ಸ್ಕ್ರ್ಯಾಪಿಗೆ ಕೊಟ್ಟುಬಿಡು."

ಅವನು ಸಿಗರೇಟು ಹಚ್ಚಲು ಹೊರಗೆ ಹೋದ. ನಾನು ಆ ತಟ್ಟೆ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತಿದ್ದೆ. ಚಳಿಗಾಲ ಪೂರ್ತಿ. ಅಮ್ಮನಿಗೆ ಬೇಕಾಗಿದ್ದದ್ದು ಅದರ ಅರ್ಧವೂ ಅಲ್ಲ, ಕಾಲೂ ಅಲ್ಲ. ಒಂದು ಬೆಳಿಗ್ಗೆ. ಚಹಾ ಬಂದದ್ದು ಕುಡಿಯಲಾಗಲಿಲ್ಲ. ನನ್ನ ಪರೀಕ್ಷೆಯಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ, ಅದೇ ಸಂಕಟ. ತಪ್ಪಿದ್ದರೆ ಕ್ಷಮೆ ಕೇಳಬಹುದಿತ್ತು. ಸರಿಯಾಗಿದ್ದದ್ದಕ್ಕೆ ಯಾರ ಹತ್ತಿರ ಹೋಗಿ ಏನು ಕೇಳುವುದು?

ಸುದ್ದಿ ನಮ್ಮವರಲ್ಲಿ ಹರಡಲು ಹೊತ್ತು ಬೇಕಾಗಲಿಲ್ಲ. ಹುಡುಗ ಅವತ್ತೇ ಫೋನ್ ಮಾಡಿದ. "ಅಣ್ಣ, ನೀವು ಹೇಳಿದ ಹಾಗೇ ಆಯ್ತಂತೆ. ನಮ್ಮನ್ನು ಉಳಿಸಿದ್ರಿ ನೀವು." ಮುಂದಿನ ಒಂದು ಪೂಜೆಯ ಊಟದಲ್ಲಿ ನಾಲ್ಕು ಜನರ ಎದುರೂ ಅದನ್ನೇ ಹೇಳಿದ. ಎಲ್ಲರೂ ನನ್ನ ಬೆನ್ನು ತಟ್ಟಿದರು. ವಫ್ರಾದವನು ಹೇಳಿದ ಉಳಿದ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಹುಡುಗನಿಗೆ ಹೇಳಿ ಅವನ ತಲೆಗೂ ಅದನ್ನು ತುಂಬಿಸಿ ನನಗೇನು ಸಿಗಬೇಕು? ಬರುವ ಚಳಿಗಾಲ ಇದೆಯಲ್ಲ ಅಂತ ಸಮಾಧಾನ ಮಾಡಿಕೊಂಡೆ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಅಂತ ಹಿರಿಯರು ಹೇಳಿದ್ದು ಹಗಲಿಗೆ ಸರಿ, ದಿಂಬಿಗೆ ತಲೆ ಇಟ್ಟ ಮೇಲೆ ಅದು ಕೆಲಸ ಮಾಡುವುದಿಲ್ಲ.

ಮಳೆಗಾಲದ ಕೊನೆಗೆ ಊರಲ್ಲಿ ಅಮ್ಮನಿಗೆ ಎರಡನೇ ಸಲ ಪಾರ್ಶ್ವವಾಯು ಬಡಿಯಿತು. ಹುಡುಗ ಹೋಗಿ ಬಂದ. ಜೀವಕ್ಕೆ ಅಪಾಯವಿಲ್ಲ, ಮಾತು ಸ್ವಲ್ಪ ತೊದಲುತ್ತದೆ, ಕೂರಿಸಿದರೂ ಕೂರಲಾಗುವುದಿಲ್ಲ. ವಿಮಾನದ ಮಾತು ಇನ್ನು ಎತ್ತಬೇಡಿ ಅಂದಿದ್ದಾರಂತೆ ಡಾಕ್ಟರು.

ಮೊನ್ನೆ ಅವನು ಗಾಡಿ ಸರ್ವಿಸಿಗೆ ತಂದಿದ್ದ. ಆಯಿಲ್ ಬದಲಿಸಿ, ಫಿಲ್ಟರ್ ಹಾಕಿ, ನಾನೇ ಓಡಿಸಿ ನೋಡಿದೆ. ಗೇರು ಬೀಳುವುದು ಗೊತ್ತೇ ಆಗುವುದಿಲ್ಲ, ಅಷ್ಟು ನಯ. ನಡುವಿನ ಸಾಲಿನ ಸೀಟಿಗೆ ಅಮ್ಮನಿಗೆಂದು ಹಾಕಿಸಿದ ಹೊಸ ಹೊದಿಕೆಯ ಪ್ಲಾಸ್ಟಿಕ್ ಅವನು ಇನ್ನೂ ತೆಗೆದಿರಲಿಲ್ಲ.

ಕೀ ಕೊಡುವಾಗ ಅವನು ಕೇಳಿದ. "ಹೇಗುಂಟು ಅಣ್ಣ, ಎಷ್ಟು ವರ್ಷ ಓಡ್ತದೆ?"

"ಹತ್ತು ವರ್ಷ ಎಲ್ಲಿಗೂ ಹೋಗುವುದಿಲ್ಲ ಇದು" ಅಂದೆ. ಸುಳ್ಳಲ್ಲ, ಹೋಗುವುದಿಲ್ಲ.

ಅವನು ತಲೆಯಾಡಿಸಿ, ತೆರೆದೇ ಇದ್ದ ಪಕ್ಕದ ಬಾಗಿಲನ್ನು ಕೈಯಿಂದ ಮೆಲ್ಲಗೆ ಎಳೆದು ಮುಚ್ಚಿ, ಏಳು ಜನ ಕೂರುವ ಗಾಡಿಯಲ್ಲಿ ಒಬ್ಬನೇ ಸಾಲ್ಮಿಯಾಕ್ಕೆ ಹೋದ.